ತಾರೀಖು ಕಾಯುವ ಯಂತ್ರ ತಲೆಯನ್ನೂ ಎಣಿಸಲಿ

ದೊಡ್ಡ ಕಟ್ಟಡ ಕಂಪನಿಗಳ ಕಚೇರಿಗಳಲ್ಲಿ ಈಗ ಹೊಸ ಕಾವಲುಗಾರನೊಬ್ಬನನ್ನು ಕೂರಿಸಿದ್ದಾರೆ. ಅವನಿಗೆ ಸಂಬಳವಿಲ್ಲ, ರಜೆಯಿಲ್ಲ, ನಿದ್ದೆಯೂ ಇಲ್ಲ. ಅವನು ಗಣಕಯಂತ್ರದೊಳಗಿನ ಒಂದು ಸಾಫ್ಟ್‌ವೇರು. ತಮ್ಮ ಕೈಕೆಳಗಿನ ಉಪಗುತ್ತೇದಾರರು ವಿಮೆ ಮಾಡಿಸಿದ್ದಾರೆಯೇ, ಆ ವಿಮೆಯ ಅವಧಿ ಎಂದು ಮುಗಿಯುತ್ತದೆ ಎಂಬುದನ್ನು ನೋಡಿಕೊಂಡು, ಮುಗಿಯುವ ಮುನ್ನ ಎಚ್ಚರಿಕೆ ಕೊಡುವುದೇ ಅವನ ಉದ್ಯೋಗ. ಒಳ್ಳೆಯ ಕೆಲಸವೇ. ಆದರೆ ಕಾವಲುಗಾರನನ್ನು ನೇಮಿಸಿದವರು ಯಾರು, ಅವನು ಕಾಯುತ್ತಿರುವುದು ಯಾರ ಮನೆಯನ್ನು ಎಂಬ ಪ್ರಶ್ನೆಯನ್ನು ನಾವು ಕೇಳದಿದ್ದರೆ ಬೇರೆ ಯಾರೂ ಕೇಳುವುದಿಲ್ಲ.

ಇದರಲ್ಲಿ ನಮಗೇನು ಕೆಲಸ ಎಂದು ಮಿಲ್ಲಿನ ಮಿತ್ರರು ಕೇಳಬಹುದು. ಮಿಲ್ಲಿಗೆ ಬೀಗ ಬಿದ್ದಾಗ ನಿಮ್ಮ ಮಗನೋ ತಮ್ಮನೋ ಹೋಗಿ ಸೇರಿದ್ದು ಎಲ್ಲಿಗೆ? ಬೆಂಗಳೂರಿನ ಕಟ್ಟಡದ ಕೆಲಸಕ್ಕಲ್ಲವೆ? ಇನ್ನು ಅಂಗಡಿಯ ಮಿತ್ರರು. ಬಣ್ಣ, ಕೊಳಾಯಿ, ವೈರಿಂಗ್ ಸಾಮಾನು ಮಾರುವ ನಿಮ್ಮಲ್ಲಿ ಹಲವರು ನಾಲ್ಕು ಆಳು ಇಟ್ಟುಕೊಂಡು ತುಂಡು ಗುತ್ತಿಗೆಯನ್ನೂ ಹಿಡಿಯುತ್ತೀರಿ. ಹಿಡಿದ ದಿನದಿಂದಲೇ ಆ ನಾಲ್ವರಿಗೆ ಕಾಯಿದೆಯ ಕಣ್ಣಿನಲ್ಲಿ ನೀವು ಮಾಲೀಕರು. ಅವರಲ್ಲೊಬ್ಬ ಸಾರುವೆಯಿಂದ ಬಿದ್ದರೆ ಹೊಣೆ ನಿಮ್ಮ ಬಾಗಿಲಿಗೇ ಬರುತ್ತದೆ. ಆದುದರಿಂದ ಈ ಯಂತ್ರದ ಸಂಗತಿ ಬೀಳುವವನಿಗೂ ಸಂಬಂಧಿಸಿದ್ದು, ಬಿದ್ದವನಿಗೆ ಉತ್ತರ ಹೇಳಬೇಕಾದವನಿಗೂ ಸಂಬಂಧಿಸಿದ್ದು.

ಹೊಣೆಯ ಸರಪಳಿ

ಇಂದಿನ ಬಹುಮಹಡಿ ಕಟ್ಟಡವನ್ನು ಕಟ್ಟುವವರು ಯಾರು? ರಸ್ತೆಯ ಬದಿಯ ಫಲಕದಲ್ಲಿ ಒಂದೇ ಹೆಸರು ಇರುತ್ತದೆ. ಆ ಹೆಸರಿನವನು ಮುಖ್ಯ ಗುತ್ತೇದಾರನಿಗೆ ಕೆಲಸ ಒಪ್ಪಿಸಿರುತ್ತಾನೆ. ಮುಖ್ಯ ಗುತ್ತೇದಾರನು ಸೆಂಟ್ರಿಂಗನ್ನು ಒಬ್ಬನಿಗೆ, ಕಂಬಿ ಕಟ್ಟುವುದನ್ನು ಇನ್ನೊಬ್ಬನಿಗೆ, ಗಾರೆಯನ್ನು ಮತ್ತೊಬ್ಬನಿಗೆ, ಬಣ್ಣವನ್ನು ಮಗದೊಬ್ಬನಿಗೆ ಹಂಚುತ್ತಾನೆ. ಇವರು ಮೇಸ್ತ್ರಿಗಳಿಗೆ ಕೊಡುತ್ತಾರೆ. ಮೇಸ್ತ್ರಿಯು ರಾಯಚೂರಿನಿಂದಲೋ ಕಲಬುರಗಿಯಿಂದಲೋ ಒಡಿಶಾ ಬಿಹಾರಗಳಿಂದಲೋ ಆಳುಗಳನ್ನು ಕರೆತರುತ್ತಾನೆ. ಲಾಭ ಮೇಲಕ್ಕೆ ಏರುತ್ತದೆ, ಅಪಾಯ ಕೆಳಕ್ಕೆ ಇಳಿಯುತ್ತದೆ. ತೀರ ಕೆಳಗೆ ಕಲ್ಲುಮಣ್ಣು ಹೊರುವ ಚಿತ್ತಾಳಿನ ತಲೆಯ ಮೇಲೆ ಅದು ಬಂದು ಕೂರುತ್ತದೆ. 2019ರ ಮಾರ್ಚ್‌ನಲ್ಲಿ ಧಾರವಾಡದಲ್ಲಿ, 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ, ಕಟ್ಟುತ್ತಿದ್ದ ಕಟ್ಟಡಗಳೇ ಕುಸಿದು ಜನ ಸತ್ತುದನ್ನು ನಾವು ಮರೆತಿಲ್ಲ.

ಇಂಥ ಸರಪಳಿಯಲ್ಲಿ ಹೊಣೆ ಕಳೆದುಹೋಗಬಾರದೆಂದು ಕಾಯಿದೆ ಹಿಂದೆಯೇ ಯೋಚಿಸಿತ್ತು. 1923ರಲ್ಲಿ ಆಗಿ 1924ರ ಜುಲೈ 1ರಂದು ಜಾರಿಗೆ ಬಂದ ಕಾರ್ಮಿಕರ ಪರಿಹಾರ ಕಾಯಿದೆ ಒಂದು ದೊಡ್ಡ ಮಾತನ್ನು ಹೇಳಿತು. ಕೆಲಸವನ್ನು ಗುತ್ತಿಗೆಗೆ ಕೊಟ್ಟ ಮೇಲಿನ ಮಾಲೀಕನೇ ಗುತ್ತೇದಾರನ ಆಳಿಗೂ ಪರಿಹಾರ ಕೊಡಬೇಕು. ಕೊಟ್ಟ ಮೇಲೆ ಬೇಕಾದರೆ ಅದನ್ನು ಗುತ್ತೇದಾರನಿಂದ ವಸೂಲು ಮಾಡಿಕೊಳ್ಳಲಿ. 2025ರ ನವೆಂಬರ್ 21ರಿಂದ ಆ ಕಾಯಿದೆಯ ಸ್ಥಾನವನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆ ಪಡೆದಿದೆ. ಈ ತತ್ವ ಅದರಲ್ಲಿಯೂ ಉಳಿದುಕೊಂಡಿದೆ.

ಪರಿಹಾರದ ಮೊತ್ತವೆಷ್ಟು? 1923ರ ಕಾಯಿದೆಯ ಲೆಕ್ಕ ಹೀಗಿತ್ತು. ಸತ್ತವನ ತಿಂಗಳ ಸಂಬಳದ ಅರ್ಧವನ್ನು ಅವನ ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸಬೇಕು. 30 ವರ್ಷದವನಿಗೆ ಆ ಅಂಕಿ 207.98. 2020ರ ಜನವರಿ 3ರ ಅಧಿಸೂಚನೆಯು ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿಯನ್ನು 15,000 ರೂಪಾಯಿಗೆ ಏರಿಸಿತು. ಅದರ ಅರ್ಧ 7,500. ಗುಣಿಸಿ ನೋಡಿ: 15,59,850 ರೂಪಾಯಿ. ಈಗ ಹೇಳಿ, ಹತ್ತು ಆಳು ಇಟ್ಟುಕೊಂಡು ವಾರದ ಬಟವಾಡೆಗೇ ಕೈಸಾಲ ಮಾಡುವ ಮೇಸ್ತ್ರಿ ಇಷ್ಟು ಹಣವನ್ನು ಎಲ್ಲಿಂದ ತಂದಾನು? ಮನೆ ಮಾರಿದರೂ ಆಗದು. ಆಗ ಅವನು ಊರು ಬಿಡುತ್ತಾನೆ. ವಿಧವೆ ಕೋರ್ಟಿನ ಮೆಟ್ಟಿಲು ಹತ್ತುತ್ತಾಳೆ. ಕಾಯಿದೆಯು ಹೊಣೆಯನ್ನು ಹೊರಿಸಿತ್ತೇ ಹೊರತು, 1923ರ ಆ ಕಾಯಿದೆ ವಿಮೆಯನ್ನು ಕಡ್ಡಾಯ ಮಾಡಿರಲಿಲ್ಲ. ಹಕ್ಕು ಮತ್ತು ಹಣ ಇವೆರಡರ ನಡುವಿನ ಸೇತುವೆಯೇ ವಿಮೆ. ಅದಕ್ಕಾಗಿಯೇ ಆ ಕಾಗದ ಇದೆಯೋ ಇಲ್ಲವೋ ಎಂಬುದು ಕಚೇರಿಯ ಕಾರಕೂನರ ಚಿಲ್ಲರೆ ವಿಷಯವಲ್ಲ.

ಯಂತ್ರ ಹುಟ್ಟಿದ ಊರು

ಈ ಸಾಫ್ಟ್‌ವೇರು ಹುಟ್ಟಿದ್ದು ಕೂಲಿಗಾರನ ಮೇಲಿನ ಕನಿಕರದಿಂದಲ್ಲ. ಇದರ ತವರು ಅಮೇರಿಕ. ಟೆಕ್ಸಾಸ್ ಸಂಸ್ಥಾನ ಖಾಸಗಿ ಮಾಲೀಕರನ್ನು ಅವರ ಇಷ್ಟಕ್ಕೆ ಬಿಟ್ಟಿದೆ. ಅಲ್ಲಿನ ಹೆಚ್ಚಿನ ಸಂಸ್ಥಾನಗಳಲ್ಲಿ ಕೂಲಿಗಾರರ ಅಪಘಾತ ವಿಮೆ ಕಡ್ಡಾಯ. ಉಪಗುತ್ತೇದಾರನು ವಿಮೆ ಮಾಡಿಸದೆ ಇದ್ದರೆ ಅನೇಕ ಸಂಸ್ಥಾನಗಳಲ್ಲಿ ಹೊಣೆ ಮೇಲಿನವನ ಕೊರಳಿಗೆ ಬೀಳುತ್ತದೆ. ವರ್ಷದ ಕೊನೆಗೆ ವಿಮಾ ಕಂಪನಿ ಲೆಕ್ಕ ತಪಾಸಣೆ ಮಾಡಿ, ವಿಮೆಯಿಲ್ಲದ ಉಪಗುತ್ತೇದಾರನ ಆಳುಗಳ ಬಾಬ್ತು ಕಂತನ್ನೂ ಮೇಲಿನ ಗುತ್ತೇದಾರನಿಂದಲೇ ಕೀಳುತ್ತದೆ. ಈ ಭಯದಿಂದ ಅವರು ಕೆಳಗಿನವರಿಂದ ಪ್ರಮಾಣಪತ್ರ ಕೇಳತೊಡಗಿದರು. ಅಲ್ಲಿ ಚಲಾವಣೆಯಲ್ಲಿರುವ ನಮೂನೆಗೆ ಅಕಾರ್ಡ್ 25 ಎಂದು ಹೆಸರು. ತಮಾಷೆಯೆಂದರೆ, ಈ ಪತ್ರ ಕೇವಲ ಮಾಹಿತಿಗಾಗಿ, ಇದನ್ನು ಹಿಡಿದವನಿಗೆ ಇದರಿಂದ ಯಾವ ಹಕ್ಕೂ ಬಾರದು ಎಂದು ಆ ಪತ್ರವೇ ಹೇಳಿಕೊಳ್ಳುತ್ತದೆ. ಅಂಥ ಪತ್ರಗಳು ಸಾವಿರಗಟ್ಟಲೆ ಕೂಡಿದಾಗ ಅವುಗಳ ತಾರೀಖು ನೋಡಿಕೊಳ್ಳಲು ಯಂತ್ರ ಬಂತು.

ಯಂತ್ರವನ್ನು ಅಣಿಗೊಳಿಸುವ ಕ್ರಮ ಕಷ್ಟವಾದುದಲ್ಲ. ಒಬ್ಬೊಬ್ಬ ಉಪಗುತ್ತೇದಾರನಿಗೂ ಒಂದು ಸಾಲು. ಯಾವ ಕೆಲಸಕ್ಕೆ ಯಾವ ವಿಮೆ, ಎಷ್ಟು ಮೊತ್ತಕ್ಕೆ ಎಂದು ಮೊದಲೇ ಬರೆದಿಡುತ್ತಾರೆ. ಅವನು ಕಾಗದ ತಂದರೆ ಪಾಲಿಸಿಯ ನಂಬರು, ವಿಮಾ ಕಂಪನಿಯ ಹೆಸರು, ಮೊತ್ತ, ಆರಂಭದ ತಾರೀಖು, ಮುಗಿಯುವ ತಾರೀಖು ತುಂಬುತ್ತಾರೆ. ಎಲ್ಲ ಸರಿಯಿದ್ದರೆ ಹಸಿರು. ಮುಗಿಯಲು 30 ದಿನ ಇದ್ದರೆ ಹಳದಿ, ಜೊತೆಗೊಂದು ಜ್ಞಾಪನೆ. ಮುಗಿದರೆ ಕೆಂಪು, ಕೆಂಪಾದರೆ ಬಿಲ್ಲು ತಡೆ. ಇಷ್ಟೇ ಇದರ ಮರ್ಮ.

ಹಸಿರು ಬಣ್ಣದ ಸುಳ್ಳು

ಮೇಷ್ಟರು ಹಾಜರಿ ಪುಸ್ತಕ ತೆರೆದು ಹುಡುಗರ ಹೆಸರು ಕೂಗದೆ, ಪುಸ್ತಕದ ರಟ್ಟಿನ ಮೇಲೆ ವರ್ಷ ಸರಿಯಾಗಿದೆಯೇ ಎಂದು ನೋಡಿ ಮುಚ್ಚಿಟ್ಟರೆ ಅದನ್ನು ಹಾಜರಿ ಎನ್ನಬಹುದೆ? ಈ ಯಂತ್ರವನ್ನು ಸಾಮಾನ್ಯವಾಗಿ ಅಣಿಗೊಳಿಸುವುದು ಹೀಗೆಯೇ. ಅದು ಕಾಗದದ ಆಯುಸ್ಸನ್ನು ನೋಡುತ್ತದೆ. ಕಾಗದದೊಳಗೆ ಯಾರಿದ್ದಾರೆ, ಯಾರಿಲ್ಲ ಎಂಬುದನ್ನು ನೋಡುವುದಿಲ್ಲ. ಎಲ್ಲೆಲ್ಲಿ ತೂತು ಬೀಳುತ್ತದೆಂದು ಒಂದೊಂದಾಗಿ ನೋಡೋಣ.

ಮೊದಲನೆಯದು ತಲೆಯ ಲೆಕ್ಕ. ಕೂಲಿಗಾರರ ಪರಿಹಾರದ ಪಾಲಿಸಿಯಲ್ಲಿ ಎಷ್ಟು ಆಳು, ಯಾವ ಕೆಲಸದವರು, ಅವರ ಸಂಬಳವೆಷ್ಟು, ಕೆಲಸದ ಸ್ಥಳ ಯಾವುದು ಎಂದು ಬರೆದಿರುತ್ತದೆ. 20 ಆಳಿಗೆ ವಿಮೆ ಮಾಡಿಸಿ 45 ಆಳಿನಿಂದ ಕೆಲಸ ಮಾಡಿಸಿದರೂ ತಾರೀಖು ಸರಿಯಿದ್ದರೆ ಯಂತ್ರ ಹಸಿರು ತೋರಿಸುತ್ತದೆ. ಬಿದ್ದವನು ಆ 20ರೊಳಗಿನವನೋ 25ರೊಳಗಿನವನೋ? ವಿಮಾ ಕಂಪನಿಯ ವಕೀಲ ತನ್ನ ವಾದವನ್ನು ಹೂಡುವುದು ಇಲ್ಲಿಂದಲೇ. ಮಿಲ್ಲುಗಳಲ್ಲಿ ಬದಲಿ ಕೂಲಿಗಾರರಾಗಿ ದುಡಿದವರಿಗೆ ಈ ಮಾತಿನ ಅರ್ಥ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಎರಡನೆಯದು ಕೆಲಸದ ಬಗೆ. ಒಳಗಿನ ಗೋಡೆಗೆ ಬಣ್ಣ ಬಳಿಯುವವನೆಂದು ಪಾಲಿಸಿಯಲ್ಲಿ ಬರೆಸಿ, ಹನ್ನೆರಡನೆಯ ಮಹಡಿಯ ಹೊರಗೋಡೆಗೆ ಹಗ್ಗದಲ್ಲಿ ಇಳಿಬಿಟ್ಟರೆ ಏನಾಯಿತು? ಬರೆದದ್ದು ಒಂದು ಅಪಾಯ, ಮಾಡಿಸಿದ್ದು ಇನ್ನೊಂದು. ಕಂತು ಕಡಿಮೆಯಾಗಲೆಂದು ಸಂಬಳವನ್ನು ಕಡಿಮೆ ಬರೆಸಿದರೂ ಇದೇ ಗತಿ. ಆಸ್ಪತ್ರೆಯ ಖರ್ಚನ್ನು ಹೆಚ್ಚಿನ ಕಂತು ಕೊಟ್ಟು ಪಾಲಿಸಿಗೆ ಬೇರೆಯಾಗಿ ಸೇರಿಸಬೇಕಾಗುವುದುಂಟು. ಸೇರಿಸಿದ್ದಾರೆಯೇ ಎಂದು ಕೇಳುವ ಮನೆಯೇ ಯಂತ್ರದಲ್ಲಿ ಇಲ್ಲದಿದ್ದರೆ ಅದನ್ನು ತುಂಬುವವರು ಯಾರು?

ಮೂರನೆಯದು ಹೆಸರಿನ ಮೋಸ. ಕಂಟ್ರಾಕ್ಟರ್ಸ್ ಆಲ್ ರಿಸ್ಕ್ಸ್ ಎಂಬ ಪಾಲಿಸಿಯಿದೆ. ಹೆಸರು ಕೇಳಿದರೆ ಎಲ್ಲ ಅಪಾಯವೂ ಬಂತು ಎನಿಸುತ್ತದೆ. ಅದು ಕಾಯುವುದು ಮುಖ್ಯವಾಗಿ ಕಟ್ಟುತ್ತಿರುವ ಕಟ್ಟಡವನ್ನು, ಸಾಮಾನನ್ನು, ಮತ್ತು ದಾರಿಹೋಕರಂಥ ಹೊರಗಿನವರಿಗೆ ಆದ ಹಾನಿಯನ್ನು. ಕೆಲಸದ ಮೇಲಿರುವ ಕೂಲಿಗಾರ ಆ ಹೊರಗಿನವರ ಪಟ್ಟಿಯಲ್ಲಿ ಬರುವುದಿಲ್ಲ. ಸಿಮೆಂಟಿಗೆ ಕಾವಲುಂಟು, ಅದನ್ನು ಹೊತ್ತವನಿಗಿಲ್ಲ! ವಿಮೆ ಉಂಟೆ ಎಂಬ ಒಂದೇ ಪ್ರಶ್ನೆಯ ಮುಂದೆ ಈ ಕಾಗದ ತೋರಿಸಿ ಹಸಿರು ಗಿಟ್ಟಿಸಿಕೊಂಡರೆ ಅದು ಯಾರ ತಪ್ಪು? ಪ್ರಶ್ನೆಯನ್ನು ಹಾಗೆ ಬರೆದವರದು.

ನಾಲ್ಕನೆಯದು ಸತ್ತ ಪಾಲಿಸಿ. ಕಂತು ಮುಂಗಡವಾಗಿ ಕೈಸೇರದೆ ವಿಮಾ ಕಂಪನಿ ಅಪಾಯವನ್ನು ಹೊರಬಾರದೆಂದು 1938ರ ವಿಮಾ ಕಾಯಿದೆಯೇ ಹೇಳುತ್ತದೆ. ಚೆಕ್ಕು ಕೊಟ್ಟು ಪಾಲಿಸಿ ಪಡೆದು, ಆ ಚೆಕ್ಕು ವಾಪಸಾಗಿ ಪಾಲಿಸಿ ರದ್ದಾಗಬಹುದು. ಕಾಗದ ಮಾತ್ರ ಯಂತ್ರದಲ್ಲಿ ವರ್ಷಪೂರ್ತಿ ಬದುಕಿರುತ್ತದೆ.

ಐದನೆಯದು ಇ.ಎಸ್.ಐ. 1948ರ ಕಾಯಿದೆಯಿಂದ ಹುಟ್ಟಿ, 1952ರ ಫೆಬ್ರವರಿಯಲ್ಲಿ ಕಾನ್ಪುರ ದಿಲ್ಲಿಗಳಲ್ಲಿ ಮೊದಲು ಕಾರ್ಯಕ್ಕೆ ಬಂದ ಈ ಯೋಜನೆಯ ಬೆಲೆ ಮಿಲ್ಲಿನವರಿಗೆ ತಿಳಿದಿದೆ. 2019ರ ಜುಲೈಯಿಂದ ಮಾಲೀಕನ ವಂತಿಗೆ ನೂರಕ್ಕೆ 3.25, ಕೂಲಿಗಾರನದು 0.75 ಎಂದಾಯಿತು. ಕೆಲಸದ ಅಪಘಾತದಲ್ಲಿ ಸತ್ತವನ ಅವಲಂಬಿತರಿಗೆ ಇದರಲ್ಲಿ ಸಂಬಳದ ನೂರಕ್ಕೆ 90ರ ಲೆಕ್ಕದಲ್ಲಿ ತಿಂಗಳು ತಿಂಗಳು ಹಣ ಬರುತ್ತದೆ. ಇ.ಎಸ್.ಐ. ಇದ್ದವನಿಗೆ ಪರಿಹಾರ ಕಾಯಿದೆಯ ಹಣವಿಲ್ಲ, ಎರಡರಲ್ಲಿ ಒಂದೇ. ಆದುದರಿಂದ ಒಬ್ಬೊಬ್ಬ ಕೂಲಿಗಾರನೂ ಯಾವ ಕಡೆಗೆ ಸೇರಿದ್ದಾನೆ ಎಂದು ಬರೆದಿರಬೇಕು. ಗುತ್ತೇದಾರನ ಇ.ಎಸ್.ಐ. ಕೋಡು ನಂಬರು ಒಂದನ್ನು ಬರೆದುಕೊಂಡರೆ ಸಾಲದು. ಆ ತಿಂಗಳ ವಂತಿಗೆಯ ಪಟ್ಟಿಯಲ್ಲಿ ಈ ಆಳಿನ ಹೆಸರಿದೆಯೇ ಎಂಬುದೇ ಪ್ರಶ್ನೆ. ಎರಡು ಪಟ್ಟಿಯಲ್ಲಿಯೂ ಇಲ್ಲದವನು ತ್ರಿಶಂಕು. ಇಂಥ ತ್ರಿಶಂಕುಗಳನ್ನು ಹುಡುಕಿ ತೋರಿಸುವುದೇ ಯಂತ್ರದ ಮೊದಲ ಕೆಲಸವಾಗಬೇಕು.

ಯಂತ್ರವನ್ನು ಹೀಗೆ ಅಣಿಗೊಳಿಸಿ

ಟೀಕೆ ಸುಲಭ, ದಾರಿ ತೋರಿಸಿ ಎನ್ನುವವರಿದ್ದಾರೆ. ನ್ಯಾಯವಾದ ಮಾತು. ದಾರಿ ಇದೆ, ಅದಕ್ಕೆ ಹೊಸ ಯಂತ್ರವೂ ಬೇಡ.

ಗೇಟಿನಲ್ಲಿ ಕೂಲಿಗಾರನ ಬೆರಳೋ ಮುಖವೋ ಒತ್ತಿ ಹಾಜರಿ ಹಾಕಿಕೊಳ್ಳುವ ಪದ್ಧತಿ ದೊಡ್ಡ ಕೆಲಸಗಳಲ್ಲಿ ಬಂದಾಗಿದೆ. ಆ ಹಾಜರಿಯನ್ನೂ ವಿಮೆಯ ಪಟ್ಟಿಯನ್ನೂ ಒಂದಕ್ಕೊಂದು ಹೆಣೆಯಿರಿ. ಪಾಲಿಸಿಯ ತಲೆ 20, ಗೇಟಿನ ತಲೆ 21 ಆದ ಬೆಳಿಗ್ಗೆಯೇ ಹಸಿರು ಕೆಂಪಾಗಲಿ. ಕೂಲಿ ಮುರಿಯಲು ಅರ್ಧ ಗಂಟೆಯ ತಡವನ್ನೂ ಲೆಕ್ಕ ಇಡಬಲ್ಲ ಯಂತ್ರಕ್ಕೆ ಒಂದು ತಲೆ ಹೆಚ್ಚಾದದ್ದು ತಿಳಿಯದೆ?

ವಿಮೆ ಉಂಟೆ ಎಂಬ ಒಂದು ಪ್ರಶ್ನೆಯನ್ನು ಒಡೆದು ಹಲವು ಮಾಡಿರಿ. ಕೂಲಿಗಾರರ ಪಾಲಿಸಿ ಬೇರೆ, ಕಟ್ಟಡದ ಪಾಲಿಸಿ ಬೇರೆ. ಕೆಲಸದ ಬಗೆ, ಎತ್ತರ, ಸ್ಥಳ, ಬರೆಸಿದ ಸಂಬಳ, ಆಸ್ಪತ್ರೆ ಖರ್ಚು, ಕೆಳಗಿನ ಮೇಸ್ತ್ರಿಯ ಆಳುಗಳೂ ಸೇರಿದ್ದಾರೆಯೇ ಎಂಬುದು, ಒಂದೊಂದಕ್ಕೂ ಒಂದೊಂದು ಕಾಲಂ. ಕಾಗದ ತಂದವನ ಮಾತಿನ ಮೇಲೆ ಹಸಿರು ಒತ್ತದೆ, ಪಾಲಿಸಿ ಬದುಕಿದೆಯೇ ಎಂದು ವಿಮಾ ಕಂಪನಿಯನ್ನೇ ತಿಂಗಳಿಗೊಮ್ಮೆ ಕೇಳಿ ಬರೆದುಕೊಳ್ಳಿರಿ.

ಕೆಂಪು ಇದ್ದರೂ ಕೆಲಸ ನಡೆಸಲು ಯಾರಾದರೂ ಅಪ್ಪಣೆ ಕೊಟ್ಟರೆ, ಕೊಟ್ಟವನ ಹೆಸರು, ಹೊತ್ತು, ಕಾರಣ ಅಳಿಸಲಾಗದಂತೆ ಯಂತ್ರದಲ್ಲಿ ಉಳಿಯಲಿ. "ಇರಲಿ ಬಿಡಿ, ಇವತ್ತೊಂದು ದಿನ" ಎಂಬ ಮಾತಿನಿಂದಲೇ ಎಷ್ಟೋ ಮನೆಗಳ ದೀಪ ಆರಿದೆ. ಆ ಮಾತಾಡಿದವನ ಹೆಸರು ಬರೆದಿರುತ್ತದೆ ಎಂದಾದರೆ ನಾಲಿಗೆ ಸ್ವಲ್ಪ ತಡೆಯುತ್ತದೆ.

ಎಚ್ಚರಿಕೆಯ ಸಂದೇಶ ಮುಖ್ಯ ಕಚೇರಿಯ ಗುಮಾಸ್ತನಿಗೆ ಮಾತ್ರ ಇಂಗ್ಲಿಷಿನಲ್ಲಿ ಹೋದರೆ ಏನು ಫಲ? ಅದು ಉಪಗುತ್ತೇದಾರನಿಗೂ ಮೇಸ್ತ್ರಿಗೂ ಕೂಲಿಗಾರನಿಗೂ ಅವರವರ ಭಾಷೆಯಲ್ಲಿ ಮೊಬೈಲಿಗೆ ಹೋಗಲಿ. ಕೂಲಿಗಾರನಿಗೆ ಎರಡು ಸಾಲು ಸಾಕು: ನಿನ್ನ ಹೆಸರು ಇಂಥ ಪಾಲಿಸಿಯಲ್ಲಿ ಇದೆ, ಇಂಥ ದಿನದವರೆಗೆ ಇದೆ.

ಬಿಲ್ಲು ತಡೆದರೆ ಯಾರ ಹೊಟ್ಟೆಗೆ?

ಇಲ್ಲಿ ಸಣ್ಣ ಗುತ್ತೇದಾರರ ಒಂದು ಅಳಲನ್ನು ಹೇಳಲೇಬೇಕು. ಕೆಂಪಾದೊಡನೆ ಬಿಲ್ಲು ತಡೆಯುವ ಏರ್ಪಾಡು ನೋಡಲು ಕಟ್ಟುನಿಟ್ಟಾಗಿದೆ. ಆದರೆ ಬಿಲ್ಲು ನಿಂತರೆ ನಿಲ್ಲುವುದು ಯಾರ ಬಟವಾಡೆ? ಸಣ್ಣವನು ಕಂತು ಕಟ್ಟದಿರುವುದಕ್ಕೆ ಅನೇಕ ವೇಳೆ ಕಾರಣ, ಹಿಂದಿನ ಬಿಲ್ಲೇ ಕೈಸೇರದಿರುವುದು. ಹಣ ಕೊಡದೆ ಕಂತು ಕಟ್ಟೆನ್ನುವುದು, ಕಂತು ಕಟ್ಟದ್ದಕ್ಕೆ ಹಣ ಕೊಡೆನೆನ್ನುವುದು, ಇದು ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬಂಥ ಕತೆ. ದೊಡ್ಡವನಿಗೆ ಇದರಲ್ಲಿ ನಷ್ಟವಿಲ್ಲ. ಹಣ ಅವನ ಬಳಿಯೇ ಉಳಿದು ಬಡ್ಡಿ ದುಡಿಯುತ್ತದೆ.

ಆದುದರಿಂದ ನಿಯಮ ಬೇರೆಯಾಗಬೇಕು. ಪಾಲಿಸಿ ಮುಗಿದ ದಿನ ಉಪಗುತ್ತೇದಾರ ಹೊಸದನ್ನು ತರದಿದ್ದರೆ, ಮುಖ್ಯ ಗುತ್ತೇದಾರನೇ ಅಂದೇ ಆ ಆಳುಗಳನ್ನು ತನ್ನ ಪಾಲಿಸಿಗೆ ಸೇರಿಸಲಿ. ಗುತ್ತೇದಾರರ ಆಳುಗಳನ್ನೂ ಸೇರಿಸಿಕೊಳ್ಳುವ ಪಾಲಿಸಿ ವಿಮಾ ಕಂಪನಿಗಳಲ್ಲಿ ಸಿಗುತ್ತದೆ. ಕಂತಿನ ಹಣವನ್ನು ಮುಂದಿನ ಬಿಲ್ಲುಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಹಿಡಿದುಕೊಳ್ಳಲಿ. ಕೂಲಿಯ ಬಾಬ್ತಿನ ಹಣವನ್ನು ಯಾವ ಕಾರಣಕ್ಕೂ ತಡೆಯಬಾರದು. ಹೊಣೆ ಕೊನೆಗೆ ಮೇಲಿನವನದೇ ಎಂದು ಕಾಯಿದೆ ಹೇಳಿರುವಾಗ ಇದರಲ್ಲಿ ಅನ್ಯಾಯವೇನಿದೆ? ತುಂಡು ಗುತ್ತಿಗೆಯ ಮಿತ್ರರು ಕೂಡ ಒಬ್ಬೊಬ್ಬರೇ ಏಜೆಂಟರ ಮನೆಗೆ ಅಲೆಯುವ ಬದಲು ಹತ್ತು ಹದಿನೈದು ಮಂದಿ ಕೂಡಿ ವಿಮಾ ಕಂಪನಿಯೊಡನೆ ಮಾತಾಡುವುದು ಲೇಸು.

ಆಳುಗಳು ದಿನದಿನಕ್ಕೆ ಬದಲಾಗುತ್ತಾರೆ, ಎಲ್ಲರನ್ನೂ ಹೇಗೆ ಬರೆಯುವುದು ಎಂದು ಕಂಪನಿಯವರು ಕೇಳುತ್ತಾರೆ. ಕೆಲಸದ ಸ್ಥಳಕ್ಕೆ ಬರುವ ಸಿಮೆಂಟಿನ ಮೂಟೆಗಳೂ ದಿನದಿನಕ್ಕೆ ಬದಲಾಗುತ್ತವೆ. ಒಂದು ಮೂಟೆಯನ್ನಾದರೂ ಬರೆಯದೆ ಒಳಗೆ ಬಿಟ್ಟಿದ್ದುಂಟೆ?

ಯಂತ್ರ ಮಾಲೀಕನದು, ಅದರ ಗೊಡವೆ ನಮಗೇಕೆ ಎನ್ನುವವರು ನಮ್ಮಲ್ಲಿಯೂ ಇದ್ದಾರೆ. ಮಸ್ಟರ್ ರೋಲೂ ಮಾಲೀಕನದೇ. ಆದರೂ ಪರಿಹಾರದ ವಿಚಾರಣೆಯಲ್ಲಿ ಕೂಲಿಗಾರ ಅಂದು ಕೆಲಸದಲ್ಲಿದ್ದನೆಂದು ಸಾಕ್ಷಿ ಹೇಳುವುದು ಅದೇ ಪುಸ್ತಕ. ಗೇಟಿನ ಹಾಜರಿ ಮತ್ತು ವಿಮೆಯ ಪಟ್ಟಿ ಒಂದೇ ಯಂತ್ರದಲ್ಲಿ ಕೂಡಿದ್ದರೆ, ಸತ್ತವನು ನಮ್ಮವನೇ ಅಲ್ಲ ಎಂಬ ಹಳೆಯ ಸುಳ್ಳನ್ನು ಹೇಳಲು ಬಾಯಿಗೆ ಬಲ ಸಾಲದು. ಇನ್ನೊಂದು ಮಾತನ್ನೂ ನೆನಪಿಡಿ. ಸಾವಿನ ಪರಿಹಾರದ ಹಣವನ್ನು ಅಧಿಕಾರಿಯ ಬಳಿ ಠೇವಣಿ ಇಡಬೇಕೆಂಬುದು 1923ರಿಂದ ಬಂದ ನಿಯಮ. ಹೆಣದ ಪಕ್ಕದಲ್ಲಿ ಒಂದಿಷ್ಟು ನೋಟು ಕೊಟ್ಟು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಹಕ್ಕು ತೀರಿತೆಂದು ಯಾರೂ ನಂಬಬೇಡಿ.

ಇನ್ನು ಸರಕಾರದ ಮಾತು. ರಸ್ತೆ, ಶಾಲೆ, ಆಸ್ಪತ್ರೆ ಕಟ್ಟಿಸುವ ಸರಕಾರವೂ ನಗರಸಭೆಯೂ ಮೇಲಿನ ಮಾಲೀಕರೇ. ಟೆಂಡರಿನ ಷರತ್ತಿನಲ್ಲಿಯೇ ಈ ಕಾಲಂಗಳನ್ನು ಬರೆಯಲು ಅವರನ್ನು ತಡೆಯುವವರು ಯಾರು? ಕೆಲಸದ ಸ್ಥಳದ ಫಲಕದಲ್ಲಿ ಮಂತ್ರಿಗಳ ಹೆಸರಿಗೆ ಜಾಗವಿದೆ. ಅದರ ಕೆಳಗೆ ವಿಮಾ ಕಂಪನಿಯ ಹೆಸರು, ಪಾಲಿಸಿಯ ನಂಬರು, ಒಳಗೊಂಡ ಆಳುಗಳ ಸಂಖ್ಯೆ, ಮುಗಿಯುವ ತಾರೀಖು, ಈ ನಾಲ್ಕು ಸಾಲಿಗೆ ಜಾಗ ಸಾಲದೆ?

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೇನು ಬಂತು? ಬಿದ್ದ ಮೇಲೆ ಪಾಲಿಸಿ ಹುಡುಕುವುದು ಅಂಥದೇ. ನಾಳೆ ಬೆಳಿಗ್ಗೆ ನಿಮ್ಮ ಮಗ ಕೆಲಸಕ್ಕೆ ಹೊರಡುವಾಗ ಒಂದು ಮಾತು ಹೇಳಿ ಕಳಿಸಿ. ಮೇಸ್ತ್ರಿಯನ್ನು ಕೇಳಲಿ: ಅಣ್ಣಾ, ವಿಮೆಯ ಪಟ್ಟಿಯಲ್ಲಿ ನನ್ನ ಹೆಸರು ಎಷ್ಟನೆಯದು? ಮೇಸ್ತ್ರಿಗೆ ತಿಳಿಯದಿದ್ದರೆ ಅವನೂ ಮೇಲಿನವನನ್ನು ಕೇಳಲಿ. ಒಬ್ಬ ಕೇಳಿದರೆ ಗದರಿಸಿ ಕಳಿಸುತ್ತಾರೆ. ಗೇಟಿನಲ್ಲಿ ನಿಂತ ನಲವತ್ತೈದು ಮಂದಿಯೂ ಅದನ್ನೇ ಕೇಳಿದರೆ ಯಂತ್ರಕ್ಕೆ ಹೊಸ ಕಾಲಂ ತಾನಾಗಿಯೇ ಬರುತ್ತದೆ.